ರೈಫಲ್‌ನ ಹೊಟ್ಟೆಯ ಕೆಳಗಿನ ಎರಡು ಸ್ಕ್ರೂಗಳು

ಒಲಿಂಪಿಕ್ ಕೂಟದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಫೈನಲ್ ಸುತ್ತಿನಲ್ಲಿ ಆ ಹತ್ತನ್ನೂ ಮತ್ತೆ ಸೀಳಿ 10.0ರಿಂದ 10.9ರವರೆಗೆ ದಶಾಂಶ ಲೆಕ್ಕದಲ್ಲಿ ಅಂಕ ಕೊಡುವುದರಿಂದ, ಗುಂಡು ಕೇಂದ್ರದಿಂದ ಹೊರಕ್ಕೆ 0.8 ಮಿಲಿಮೀಟರ್ ಸರಿದಾಗಲೆಲ್ಲ 0.1 ಅಂಕ ಕೈಬಿಡುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರಿಭಂಗಿ ಸ್ಪರ್ಧೆಯ ಕಂಚನ್ನು ಗೆದ್ದದ್ದು ಇಂಥ ದಶಾಂಶಗಳನ್ನು ಕೂಡಿ ಬಂದ 451.4 ಅಂಕಗಳಿಂದ. ಗುರಿಹಲಗೆಯ ಮೇಲಿನ ಆ 0.8 ಮಿಲಿಮೀಟರನ್ನು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ, 66 ಸೆಂಟಿಮೀಟರ್ ಉದ್ದದ ನಳಿಗೆಯ ಬಾಯಿ ತನ್ನ ಜಾಗದಿಂದ ಸುಮಾರು ನೂರರಲ್ಲೊಂದು ಮಿಲಿಮೀಟರ್ ಅತ್ತಿತ್ತ ವಾಲಿದರೂ ಅಷ್ಟು ವ್ಯತ್ಯಾಸ ಉಂಟಾಗುತ್ತದೆಂದು ತಿಳಿಯುತ್ತದೆ. ಇಷ್ಟು ಸೂಕ್ಷ್ಮದ ಲೆಕ್ಕ ನಡೆಯುವ ಕಡೆ, ಲೋಹದ ಭಾಗವನ್ನೂ ಮರದ ಭಾಗವನ್ನೂ ಒಂದಾಗಿ ಹಿಡಿದಿಡುವ ಎರಡು ಸಣ್ಣ ಸ್ಕ್ರೂಗಳನ್ನು ಎಷ್ಟು ಬಿಗಿಯಬೇಕು ಎಂಬ ಪ್ರಶ್ನೆಗೆ ಮಹತ್ವ ಬಂದಿರುವುದು ಸಹಜವೇ ಆಗಿದೆ.

ಬೋಲ್ಟ್ ಎಳೆದು ತೋಟಾ ತುಂಬುವ ಬಗೆಯ ರೈಫಲ್ಲನ್ನು ಬಿಚ್ಚಿದರೆ ಎರಡು ಮುಖ್ಯ ಭಾಗಗಳು ಕಾಣುತ್ತವೆ. ಒಂದು, ನಳಿಗೆ ಮತ್ತು ಅದರ ಹಿಂಬದಿಗೆ ಜೋಡಿಸಿರುವ ಉಕ್ಕಿನ ಕವಚ. ಬೋಲ್ಟ್ ಓಡಾಡುವ, ತೋಟಾ ಸಿಡಿಯುವಾಗಿನ ಒತ್ತಡಕ್ಕೆ ಬೆನ್ನು ಕೊಡುವ ಈ ಕವಚವನ್ನು ಆ್ಯಕ್ಷನ್ ಎನ್ನುತ್ತಾರೆ. ಇನ್ನೊಂದು, ಭುಜಕ್ಕೊತ್ತಿ ಕೈಯಲ್ಲಿ ಹಿಡಿಯುವ ಸ್ಟಾಕ್. ಅದು ಅಕ್ರೋಟ್ ಮರದ್ದಾಗಿರಬಹುದು, ಪದರ ಪದರವಾಗಿ ಅಂಟಿಸಿದ ಹಲಗೆಯದಾಗಿರಬಹುದು, ನಾರುಗಾಜು ಅಥವಾ ಅಲ್ಯೂಮಿನಿಯಮ್ಮಿನದೂ ಆಗಿರಬಹುದು. ಸ್ಟಾಕಿನ ಕೆಳಗಿನಿಂದ, ಟ್ರಿಗರ್‌ನ ಹಿಂದೊಂದು ಮತ್ತು ಮ್ಯಾಗಜಿನ್‌ನ ಮುಂದೊಂದು ಎಂಬಂತೆ ಮೇಲಕ್ಕೆ ಹಾಯ್ದು ಆ್ಯಕ್ಷನ್ನಿನ ತಳದ ಮರೆಗಳಿಗೆ (ಸ್ಕ್ರೂ ತಿರುಗುವ ಸುರುಳಿ ಗೆರೆಗಳಿಗೆ) ಕಚ್ಚಿಕೊಳ್ಳುವ ಸ್ಕ್ರೂಗಳೇ ಆ್ಯಕ್ಷನ್ ಸ್ಕ್ರೂಗಳು. ಆ್ಯಕ್ಷನ್ ಕೂರುವ ಹಾಸನ್ನು ಅದರ ಮೈಗೆ ತಕ್ಕಂತೆ, ಎಲ್ಲಿಯೂ ಸಂದಿಯಾಗಲಿ ಅಲುಗಾಟವಾಗಲಿ ಉಳಿಯದಂತೆ ಹೊಂದಿಸುವ ಕೆಲಸಕ್ಕೆ ಬೆಡ್ಡಿಂಗ್ ಎಂದು ಹೆಸರು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಸ್ಕ್ರೂಗಳು ಹೊರಬಾರದು. ಆ್ಯಕ್ಷನ್ನಿನ ಮುಂಭಾಗದ ಕೆಳಗೆ ಹಲ್ಲಿನಂತೆ ಇಳಿದಿರುವ ರಿಕಾಯ್ಲ್ ಲಗ್ ಎಂಬ ಉಕ್ಕಿನ ತುಂಡು ಹಾಸಿನ ಗೋಡೆಗೆ ಒತ್ತಿಕೊಂಡು ಅದನ್ನು ಹೊರಬೇಕು. ಸ್ಕ್ರೂಗಳ ಕೆಲಸ ಆ್ಯಕ್ಷನ್ನನ್ನು ಹಾಸಿನೊಳಗೆ ಕೆಳಮುಖವಾಗಿ ಒತ್ತಿ ಹಿಡಿಯುವುದಷ್ಟೆ. ಈ ಕೆಲಸ ಹಂಚಿಕೆ ಕೆಟ್ಟಾಗಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ತೋಟಾ ಸಿಡಿದ ಮೇಲೆ .22 ಕ್ಯಾಲಿಬರ್ ಗುಂಡು ನಳಿಗೆಯಿಂದ ಹೊರಬೀಳಲು ಸುಮಾರು 2ರಿಂದ 3 ಮಿಲಿಸೆಕೆಂಡು ಬೇಕು. ಆ ಅಲ್ಪ ಅವಧಿಯಲ್ಲೇ ನಳಿಗೆ ಸೂಕ್ಷ್ಮವಾಗಿ ಕಂಪಿಸುತ್ತದೆ, ರೈಫಲ್ ಹಿಂದಕ್ಕೆ ಚಲಿಸಲು ತೊಡಗಿರುತ್ತದೆ. ಕಂಪನವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಆಗಬೇಕಾದದ್ದು, ಪ್ರತಿ ಸಲವೂ ಅದೇ ಕಂಪನ ಅದೇ ರೀತಿಯಲ್ಲಿ ನಡೆದು, ಗುಂಡು ಹೊರಬೀಳುವ ಕ್ಷಣದಲ್ಲಿ ನಳಿಗೆಯ ಬಾಯಿ ಅದೇ ದಿಕ್ಕಿಗೆ ಮುಖ ಮಾಡಿರುವುದು. ಆ್ಯಕ್ಷನ್ ತನ್ನ ಹಾಸಿನಲ್ಲಿ ಒಂದು ಗುಂಡಿಗೆ ಒಂದು ಬಗೆಯಲ್ಲಿ, ಮುಂದಿನ ಗುಂಡಿಗೆ ಬೇರೊಂದು ಬಗೆಯಲ್ಲಿ ಕುಳಿತರೆ ಈ ಪುನರಾವೃತ್ತಿ ತಪ್ಪುತ್ತದೆ. ನಳಿಗೆಯನ್ನು ಮುಂದಿನ ಮರಕ್ಕೆ ತಾಗದಂತೆ ಸುತ್ತಲೂ ಸಂದಿ ಬಿಟ್ಟು ತೇಲಿಸಿ ನಿಲ್ಲಿಸುವ ರೂಢಿಯೂ ಇದೇ ಕಾರಣಕ್ಕೆ ಬಂದದ್ದು. ಸ್ಕ್ರೂ ಬಿಗಿದ ಮೇಲೆ ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದು ತಂದರೆ ಅದು ಎಲ್ಲಿಯೂ ಸಿಕ್ಕಿಕೊಳ್ಳದೆ ಆ್ಯಕ್ಷನ್ನಿನವರೆಗೂ ಬರಬೇಕು.

ಮರದ ಸ್ಟಾಕೊಂದೇ ಇದ್ದ ಕಾಲದಲ್ಲಿಯೂ ಆಯುಧ ತಯಾರಕರಿಗೆ ಈ ಸಮಸ್ಯೆಯ ಅರಿವಿತ್ತು. ಮರ ತನ್ನ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಆದರೆ ನಾರಿಗೆ ಅಡ್ಡವಾಗಿ ತೇವದಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಸ್ಟಾಕಿನಲ್ಲಿ ನಾರು ಉದ್ದುದ್ದ ಹರಿದಿರುವುದರಿಂದ, ಕೆಳಗಿನಿಂದ ಮೇಲಕ್ಕೆ ಹಾಯುವ ಸ್ಕ್ರೂ ಒತ್ತುವುದು ಅದರ ದುರ್ಬಲ ದಿಕ್ಕಿನಲ್ಲಿಯೇ. ಮಳೆಗಾಲದಲ್ಲಿ ಹಿಗ್ಗುವ ಮರ ಸ್ಕ್ರೂವಿನ ಬಿಗಿತವನ್ನು ತಾನಾಗಿ ಹೆಚ್ಚಿಸಿಕೊಂಡು ಒಳಗೊಳಗೇ ಜಜ್ಜಿಹೋಗುತ್ತದೆ. ಬೇಸಿಗೆಯಲ್ಲಿ ಕುಗ್ಗಿದಾಗ ಅದೇ ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾಯಿತೆಂದು ಮತ್ತೊಂದು ಸುತ್ತು ಬಿಗಿದರೆ ಮುಂದಿನ ಮಳೆಗಾಲಕ್ಕೆ ಜಜ್ಜುವಿಕೆ ಇನ್ನಷ್ಟು ಆಳಕ್ಕಿಳಿಯುತ್ತದೆ. ಇದನ್ನು ತಡೆಯಲು ಜರ್ಮನಿಯ ಮೌಸರ್ 98ರಲ್ಲಿ ಹಿಂದಿನ ಸ್ಕ್ರೂ ಹಾಯುವ ರಂಧ್ರಕ್ಕೆ ಉಕ್ಕಿನ ಕೊಳವೆಯೊಂದನ್ನು ತೊಡಿಸಿದ್ದರು; ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್‌ನಲ್ಲಿ ಮುಂದಿನ ಸ್ಕ್ರೂವಿಗೆ ಅಂಥದೇ ಕಾಲರ್ ಇತ್ತು. ಸ್ಕ್ರೂ ಎಷ್ಟೇ ಬಿಗಿದರೂ ಲೋಹ ಲೋಹಕ್ಕೆ ತಾಗಿ ನಿಲ್ಲಬೇಕು, ಮರ ಜಜ್ಜಬಾರದು ಎಂಬುದೇ ಅದರ ಉದ್ದೇಶ. ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್‌ಗಳ ಮುಂಭಾಗದ ಮರಕ್ಕೆ ಸೀಳು ಬಿಡದಂತೆ ಅಡ್ಡಲಾಗಿ ಒಂದು ಸ್ಕ್ರೂ ಹಾಯಿಸುತ್ತಿದ್ದರು. ಹಳೆಯ ಬಂದೂಕುಗಳ ಸಂಗ್ರಾಹಕರು ಇಂದಿಗೂ ಅದನ್ನು ‘ಇಛಾಪುರ ಸ್ಕ್ರೂ’ ಎಂದೇ ಗುರುತಿಸುತ್ತಾರೆ.

ಎರಡನೆಯ ಮಹಾಯುದ್ಧದ ನಂತರ ಎಪಾಕ್ಸಿ ಅಂಟು ಬಳಕೆಗೆ ಬಂದು ಚಿತ್ರ ಬದಲಾಯಿತು. ಆ್ಯಕ್ಷನ್ ಕೂರುವ ಜಾಗದ ಮರವನ್ನು ಒಂದೆರಡು ಮಿಲಿಮೀಟರ್ ಕೆತ್ತಿ ತೆಗೆದು, ಲೋಹದ ಪುಡಿ ಅಥವಾ ಗಾಜಿನ ನಾರು ಬೆರೆಸಿದ ಎಪಾಕ್ಸಿಯನ್ನು ಅಲ್ಲಿ ತುಂಬಿ, ಮೇಣ ಅಥವಾ ಅಂಟು ಹಿಡಿಯದಂತೆ ಮಾಡುವ ದ್ರವವನ್ನು ತೆಳುವಾಗಿ ಸವರಿದ ಆ್ಯಕ್ಷನ್ನನ್ನು ಅದರೊಳಗೆ ಕೂರಿಸಿದರೆ, ಅಂಟು ಗಟ್ಟಿಯಾದ ಮೇಲೆ ಉಕ್ಕಿನ ಮೈಯ ಪ್ರತಿ ಗೆರೆಯೂ ಅಚ್ಚೊತ್ತಿದ ಹಾಸು ಸಿದ್ಧವಾಗುತ್ತದೆ. ಸ್ಕ್ರೂ ಹಾಯುವ ರಂಧ್ರಗಳ ಸುತ್ತ ಅಲ್ಯೂಮಿನಿಯಂ ಅಥವಾ ಉಕ್ಕಿನ ಕಂಬಗಳನ್ನು ಅದೇ ಅಂಟಿನಲ್ಲಿ ನೆಟ್ಟರೆ ಅದು ಪಿಲ್ಲರ್ ಬೆಡ್ಡಿಂಗ್. ಮೌಸರ್‌ನ ಕೊಳವೆಯ ತತ್ತ್ವವೇ ಇಲ್ಲಿ ಹೊಸ ರೂಪ ತಾಳಿದೆ. ನುರಿತ ಕೆಲಸಗಾರರು ಇದರಲ್ಲಿ ಎರಡು ಎಚ್ಚರಗಳನ್ನು ಬಿಡುವುದಿಲ್ಲ. ಮೊದಲನೆಯದು, ರಿಕಾಯ್ಲ್ ಲಗ್‌ನ ಮುಂದಿನ, ಪಕ್ಕದ ಮತ್ತು ತಳದ ಮೈಗಳಿಗೆ ಟೇಪು ಅಂಟಿಸಿ, ಹಿಂದಿನ ಮೈ ಮಾತ್ರ ಹಾಸಿಗೆ ತಾಗುವಂತೆ ಉಳಿಸುವುದು. ಇಲ್ಲದಿದ್ದರೆ ಪ್ರತಿ ಸಲ ಬಿಚ್ಚಿ ಕೂರಿಸುವಾಗಲೂ ಲಗ್ ಹಾಸಿನ ಅಂಚನ್ನು ಕೆರೆದು ಹಾಳು ಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ: ಅಂಟು ಒಣಗುವವರೆಗೆ ಸ್ಕ್ರೂಗಳನ್ನು ಬಿಗಿಯದೆ, ತಲೆಯಿಲ್ಲದ ದಿಕ್ಕುಗಡ್ಡಿಗಳ ನೆರವಿನಿಂದ ಆ್ಯಕ್ಷನ್ನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ರಬ್ಬರ್ ಪಟ್ಟಿಯಿಂದಲೋ ಟೇಪಿನಿಂದಲೋ ಹಗುರಾಗಿ ಕಟ್ಟಿ ಬಿಡುವುದು. ಹಸಿ ಅಂಟಿನ ಮೇಲೆ ಸ್ಕ್ರೂ ಬಿಗಿದರೆ ಆ್ಯಕ್ಷನ್ ಬಾಗಿದ ಸ್ಥಿತಿಯಲ್ಲೇ ಅಚ್ಚೊತ್ತುತ್ತದೆ, ಆ ಬಾಗು ಮುಂದೆ ಪ್ರತಿ ಬಿಗಿತದಲ್ಲೂ ಮರಳಿ ಬರುತ್ತದೆ.

ಹಾಸು ಸಮನಾಗಿಲ್ಲದಿದ್ದರೆ ಏನಾಗುತ್ತದೆಂಬುದನ್ನು, ಉಬ್ಬುತಗ್ಗಿನ ನೆಲದ ಮೇಲಿಟ್ಟ ಮಂಚದ ನಾಲ್ಕೂ ಕಾಲುಗಳನ್ನು ಬಲವಂತವಾಗಿ ನೆಲಕ್ಕೆ ಕಟ್ಟಿಹಾಕಿದರೆ ಕುಂಟು ನಿಂತರೂ ಚೌಕಟ್ಟು ತಿರುಚಿಕೊಳ್ಳುವುದಕ್ಕೆ ಹೋಲಿಸಬಹುದು. ಎಷ್ಟು ಬಿಗಿದರೆ ಅಷ್ಟು ತಿರುಚು. ಬಿಗಿತ ಬದಲಾದಾಗಲೆಲ್ಲ ನಳಿಗೆಯ ದಿಕ್ಕೂ ಬದಲಾಗುತ್ತದೆ. ಹಾಸು ನಿಜಕ್ಕೂ ಸಮನಾಗಿದ್ದರೆ ಸ್ಕ್ರೂ ಬಿಗಿದಾಗ ಆ್ಯಕ್ಷನ್ನಿಗೆ ಬಾಗಲು ಜಾಗವೇ ಇರುವುದಿಲ್ಲ, ಸ್ವಲ್ಪ ಹೆಚ್ಚು ಬಿಗಿದರೂ ಸ್ವಲ್ಪ ಕಡಿಮೆ ಬಿಗಿದರೂ ಗುಂಡು ಬೀಳುವ ಜಾಗ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಸ್ಕ್ರೂವಿನ ಬಿಗಿತದ ಬಗ್ಗೆ ನಡೆಯುವ ಮುಗಿಯದ ಚರ್ಚೆಗಳಲ್ಲಿ ಮೊದಲು ಮರೆತುಹೋಗುವುದು ಇದೇ ಮಾತು: ಕಾಲು ಸುತ್ತಿನ ವ್ಯತ್ಯಾಸಕ್ಕೆ ಗುರಿ ಕೆಡುವ ರೈಫಲ್ಲಿಗೆ ಬೇಕಾಗಿರುವುದು ಸರಿಯಾದ ಬಿಗಿತದ ಅಂಕಿಯಲ್ಲ, ಹೊಸ ಹಾಸು.

ಇದನ್ನು ಕಂಡುಕೊಳ್ಳುವ ಪರೀಕ್ಷೆ ಸರಳವಾದುದು. ಲೇತ್ ಕೆಲಸದವರ ಬಳಿ ಇರುವ ಡಯಲ್ ಗೇಜನ್ನು ಸ್ಟಾಕಿನ ಮುಂತುದಿಗೆ ಕಟ್ಟಿ, ಅದರ ಸೂಜಿಮೊನೆಯನ್ನು ನಳಿಗೆಗೆ ತಾಗಿಸಿ ಸೊನ್ನೆಗೆ ಹೊಂದಿಸಿಟ್ಟುಕೊಂಡು, ಒಂದು ಸ್ಕ್ರೂವನ್ನು ನಿಧಾನವಾಗಿ ಪೂರ್ತಿ ಸಡಿಲಿಸಿ ಮತ್ತೆ ಬಿಗಿಯಬೇಕು, ಆಮೇಲೆ ಇನ್ನೊಂದನ್ನು. ಮುಳ್ಳು 0.02ರಿಂದ 0.05 ಮಿಲಿಮೀಟರಿನೊಳಗೆ ಮಿಸುಕಿ ನಿಂತರೆ ಹಾಸು ಚೆನ್ನಾಗಿದೆ ಎಂದು ತಿಳಿಯಬಹುದು. ಮುಳ್ಳು ಅದನ್ನು ದಾಟಿ ಓಡುತ್ತಿದ್ದರೆ, ವಿಶೇಷವಾಗಿ ಒಂದು ಸ್ಕ್ರೂ ಬಿಚ್ಚಿದಾಗ ನಳಿಗೆ ಮೇಲಕ್ಕೋ ಕೆಳಕ್ಕೋ ಸ್ಪ್ರಿಂಗಿನಂತೆ ಚಿಮ್ಮಿದರೆ, ಆ್ಯಕ್ಷನ್ ಬಾಗಿ ಕುಳಿತಿದೆ ಎಂದೇ ಅರ್ಥ. ಗೇಜು ಇಲ್ಲದವರು ನಳಿಗೆ ಮತ್ತು ಮರ ಎರಡನ್ನೂ ತಾಗುವಂತೆ ಬೆರಳಿಟ್ಟು ಸ್ಕ್ರೂ ಸಡಿಲಿಸಿದರೂ ದೊಡ್ಡ ದೋಷ ಬೆರಳಿಗೇ ಗೊತ್ತಾಗುತ್ತದೆ.

ಇನ್ನು ಬಿಗಿತದ ಅಳತೆಯ ವಿಚಾರ. ಸ್ಕ್ರೂವನ್ನು ತಿರುಗಿಸಲು ಬಳಸುವ ತಿರುಚುಬಲಕ್ಕೆ ಟಾರ್ಕ್ ಎಂದು ಹೆಸರು. ಅದನ್ನು ನ್ಯೂಟನ್-ಮೀಟರ್‌ಗಳಲ್ಲಿ ಅಥವಾ ಅಮೆರಿಕನ್ನರ ರೂಢಿಯಂತೆ ಇಂಚ್-ಪೌಂಡ್‌ಗಳಲ್ಲಿ ಹೇಳುತ್ತಾರೆ, ಒಂದು ನ್ಯೂಟನ್-ಮೀಟರ್ ಎಂದರೆ ಸುಮಾರು 8.85 ಇಂಚ್-ಪೌಂಡ್. ಆದರೆ ರೈಫಲ್ಲಿಗೆ ಬೇಕಾದದ್ದು ಟಾರ್ಕ್ ಅಲ್ಲ, ಆ ಟಾರ್ಕಿನಿಂದ ಸ್ಕ್ರೂವಿನ ಕಾಂಡದಲ್ಲಿ ಹುಟ್ಟುವ ಎಳೆತ, ಅಂದರೆ ಆ್ಯಕ್ಷನ್ನನ್ನು ಹಾಸಿಗೆ ಒತ್ತುವ ಬಲ. ಕೈ ಹಾಕುವ ತಿರುಚುಬಲದಲ್ಲಿ ಸುಮಾರು ಅರ್ಧ ಸ್ಕ್ರೂವಿನ ತಲೆಯಡಿಯ ಘರ್ಷಣೆಯಲ್ಲೂ, ಉಳಿದುದರಲ್ಲಿ ಬಹುಪಾಲು ಮರೆಗಳ ಘರ್ಷಣೆಯಲ್ಲೂ ಕಳೆದುಹೋಗಿ, ಹತ್ತರಲ್ಲೊಂದು ಪಾಲು ಮಾತ್ರ ಎಳೆತವಾಗಿ ಉಳಿಯುತ್ತದೆ. ಎಂಜಿನಿಯರ್‌ಗಳ ಸ್ಥೂಲ ಸೂತ್ರದಂತೆ, 6 ಮಿಲಿಮೀಟರ್ ದಪ್ಪದ ಒಣ ಸ್ಕ್ರೂವನ್ನು 5 ನ್ಯೂಟನ್-ಮೀಟರಿಗೆ ಬಿಗಿದರೆ ಸುಮಾರು 4,200 ನ್ಯೂಟನ್, ಎಂದರೆ 425 ಕಿಲೋ ತೂಕದಷ್ಟು ಒತ್ತಡ ಹುಟ್ಟುತ್ತದೆ. ಅದೇ ಸ್ಕ್ರೂವಿಗೆ ಎಣ್ಣೆ ಸವರಿ ಅಷ್ಟೇ ಟಾರ್ಕಿಗೆ ಬಿಗಿದರೆ ಘರ್ಷಣೆ ಕಡಿಮೆಯಾಗಿ ಒತ್ತಡ ಮೂರರಲ್ಲೊಂದು ಪಾಲಿನಷ್ಟು ಏರಿಬಿಡಬಹುದು. ಟಾರ್ಕ್ ಅಳೆಯುವ ವ್ರೆಂಚಿನ ಮೇಲೆ ಓದುವ ಅಂಕಿ ಎರಡು ಸಲವೂ ಐದೇ. ಒಂದು ತಿಂಗಳು ಎಣ್ಣೆ ಹಚ್ಚಿ, ಇನ್ನೊಂದು ತಿಂಗಳು ಒರೆಸಿ ಬಿಗಿಯುವವರು ಅರ್ಧ ನ್ಯೂಟನ್-ಮೀಟರಿನ ಸೂಕ್ಷ್ಮವನ್ನು ಚರ್ಚಿಸುವುದು ವ್ಯರ್ಥ ಕಸರತ್ತು. ಒಣಗಿಸಿ ಬಿಗಿಯುವುದಾದರೆ ಯಾವಾಗಲೂ ಒಣಗಿಸಿಯೇ, ಎಣ್ಣೆ ಹಚ್ಚುವುದಾದರೆ ಯಾವಾಗಲೂ ಅದೇ ಒಂದು ಹನಿ ಎಂಬ ಶಿಸ್ತು ಅಂಕಿಗಿಂತ ಮುಖ್ಯವಾದುದು.

ರೈಫಲ್ ತಯಾರಕರು ತಮ್ಮ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯೇ ಮೊದಲ ಆಧಾರವಾಗಿರಬೇಕು. ಅದು ಸಿಗದ ಕಡೆ ವೃತ್ತಿಯವರಲ್ಲಿ ಬಳಕೆಯಲ್ಲಿರುವ ಮಿತಿಗಳು ಹೀಗಿವೆ: ಕಂಬಗಳಿಲ್ಲದ ಬರೀ ಮರದ ಸ್ಟಾಕಿಗೆ ಸುಮಾರು 3.5ರಿಂದ 4.5 ನ್ಯೂಟನ್-ಮೀಟರ್, ಪಿಲ್ಲರ್ ಬೆಡ್ಡಿಂಗ್ ಅಥವಾ ಅಲ್ಯೂಮಿನಿಯಂ ಚೌಕಟ್ಟಿನ ದೊಡ್ಡ ರೈಫಲ್ಲುಗಳಿಗೆ 6ರಿಂದ 7.3. .22 ಗುರಿ ರೈಫಲ್ಲುಗಳನ್ನು ಬಳಸುವವರಲ್ಲಿ ಹೆಚ್ಚಿನವರು 4ರಿಂದ 6ರ ನಡುವೆ ಇರುತ್ತಾರೆ. ಮೂರು ಸ್ಕ್ರೂಗಳಿರುವ ವಿಂಚೆಸ್ಟರ್ 70ರಂಥ ರೈಫಲ್ಲುಗಳಲ್ಲಿ ನಡುವಿನ ಸ್ಕ್ರೂವನ್ನು ತಾಗಿ ನಿಲ್ಲುವಷ್ಟು ಮಾತ್ರ ತಿರುಗಿಸಬೇಕು. ಅದನ್ನೂ ಉಳಿದೆರಡರಂತೆ ಬಿಗಿದರೆ ಆ್ಯಕ್ಷನ್ನಿನ ನಡುವಿನ ತೆಳು ಭಾಗ ಕೆಳಕ್ಕೆ ಬಾಗುತ್ತದೆ.

ಬಿಗಿಯುವ ಕ್ರಮಕ್ಕೂ ಒಂದು ಪದ್ಧತಿಯಿದೆ. ಬೋಲ್ಟ್ ತೆರೆದು, ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು. ಮರೆಗಳಲ್ಲಿ ಉಳಿದ ಹಳೆಯ ಎಣ್ಣೆ, ದೂಳು, ಎಪಾಕ್ಸಿಯ ಚೂರುಗಳನ್ನು ತೆಗೆದು, ಸ್ಕ್ರೂವಿನ ಕಾಂಡ ರಂಧ್ರದ ಗೋಡೆಗೆ ಎಲ್ಲಿಯೂ ಉಜ್ಜುತ್ತಿಲ್ಲ ಎಂಬುದನ್ನು ನೋಡಬೇಕು. ಉಜ್ಜುತ್ತಿದ್ದರೆ ಒದೆತದ ಪಾಲು ಅದಕ್ಕೂ ಹಂಚಿಹೋಗುತ್ತಿದೆ ಎಂದಾಯಿತು. ಮುಂದಿನ ಸ್ಕ್ರೂ ಉದ್ದವಾಗಿದ್ದರೆ ಅದರ ತುದಿ ಬೋಲ್ಟಿನ ದಾರಿಗೆ ಚಾಚಿಕೊಂಡು ಬೋಲ್ಟ್ ಮುಚ್ಚಲು ತೊಡಕಾಗುವುದೂ ಉಂಟು, ಮರೆಯ ತಳಕ್ಕೆ ತಾಗಿ ಬಿಗಿದಂತೆ ತೋರಿ ಆ್ಯಕ್ಷನ್ನನ್ನು ಒತ್ತದೇ ಇರುವುದೂ ಉಂಟು. ಇಷ್ಟಾದ ಮೇಲೆ ಎರಡೂ ಸ್ಕ್ರೂಗಳನ್ನು ಬೆರಳಿನಿಂದ ತಾಗುವಷ್ಟು ತಿರುಗಿಸಿ, ರೈಫಲ್ಲನ್ನು ನಳಿಗೆ ಮೇಲಾಗಿ ನೆಟ್ಟಗೆ ನಿಲ್ಲಿಸಿ, ಸ್ಟಾಕಿನ ಹಿಂತುದಿಯನ್ನು ಮೆತ್ತನೆಯ ಹಾಸಿನ ಮೇಲೆ ಒಂದೆರಡು ಸಲ ಹಗುರಾಗಿ ಕುಟ್ಟಬೇಕು. ಆಗ ಆ್ಯಕ್ಷನ್ ತನ್ನ ಭಾರಕ್ಕೇ ಹಿಂದೆ ಸರಿದು ರಿಕಾಯ್ಲ್ ಲಗ್ ಗೋಡೆಗೆ ತಾಗಿ ಕೂರುತ್ತದೆ. ಆ ಸ್ಥಿತಿಯಲ್ಲೇ ಮೊದಲು ಮುಂದಿನದು, ಆಮೇಲೆ ಹಿಂದಿನದು ಎಂಬಂತೆ ಅರ್ಧ ಬಿಗಿತಕ್ಕೆ ತಂದು, ಮುಕ್ಕಾಲಕ್ಕೆ ಏರಿಸಿ, ಕೊನೆಗೆ ಪೂರ್ಣ ಅಂಕಿಗೆ ನಿಲ್ಲಿಸಬೇಕು. ವ್ರೆಂಚ್ ‘ಟಕ್’ ಎಂದ ಮೇಲೆ ನಂಬಿಕೆಗಾಗಿ ಇನ್ನೊಂದು ಚೂರು ಒತ್ತುವ ಅಭ್ಯಾಸ ಹಲವರಿಗಿದೆ, ಅದು ಅಳತೆಯನ್ನೇ ಅಣಕಿಸಿದಂತೆ. ಸ್ಕ್ರೂವಿನ ತಲೆಯಿಂದ ಸುತ್ತಲಿನ ಲೋಹದವರೆಗೆ ಬಣ್ಣದ ಸಣ್ಣ ಗೆರೆಯೊಂದನ್ನು ಎಳೆದಿಟ್ಟರೆ ಮುಂದೆ ಸಡಿಲವಾದದ್ದು ನೋಟಕ್ಕೇ ಸಿಗುತ್ತದೆ. ಹೊಸ ಹಾಸಿನಲ್ಲಿ ಮೊದಲ ಇಪ್ಪತ್ತು ಮೂವತ್ತು ಗುಂಡುಗಳ ನಂತರ ಬಿಗಿತವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಸ್ಕ್ರೂಗಳನ್ನು ಬೇರೆ ಬೇರೆ ಅಂಕಿಗೆ ಬಿಗಿದು ಗುಂಡು ಹೊಡೆದು, ಅತಿ ಕಿರಿದಾದ ಗುಂಪು (ಗುಂಡುಗಳು ಬಿದ್ದ ಜಾಗಗಳ ಹರವು) ಕೊಡುವ ಅಂಕಿಯನ್ನು ಆರಿಸಿಕೊಳ್ಳುವ ಪದ್ಧತಿ .22 ಸ್ಪರ್ಧಿಗಳಲ್ಲಿ ವ್ಯಾಪಕವಾಗಿದೆ. ಇದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಮರದ ಸ್ಟಾಕಿನಲ್ಲಿ, ಅದರಲ್ಲೂ ಎಪಾಕ್ಸಿಯಿಲ್ಲದೆ ಕಾರ್ಖಾನೆಯಿಂದ ಬಂದ ಹಾಸಿನಲ್ಲಿ, ಬಿಗಿತ ಬದಲಾದರೆ ಗುಂಪು ಬದಲಾಗುವುದು ನಿಜ. ಆದರೆ ಪರೀಕ್ಷೆ ನಡೆಸುವ ಬಗೆಯಲ್ಲಿ ದೊಡ್ಡ ಬಲೆಯೊಂದಿದೆ. ಐದು ಗುಂಡಿನ ಗುಂಪಿನ ಹರವು ಏನೂ ಬದಲಾಗದಿದ್ದರೂ ಆಕಸ್ಮಿಕವಾಗಿಯೇ ಕಾಲು ಭಾಗಕ್ಕಿಂತ ತುಸು ಹೆಚ್ಚು ಅತ್ತಿತ್ತ ಜೀಕುತ್ತದೆ. ಸರಾಸರಿ 12 ಮಿಲಿಮೀಟರ್ ಗುಂಪು ಕೊಡುವ ರೈಫಲ್ಲು ಅದೇ ಬಿಗಿತದಲ್ಲಿ ಒಮ್ಮೆ 9, ಇನ್ನೊಮ್ಮೆ 15 ತೋರಿಸಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಎಂಟು ಬಗೆಯ ಬಿಗಿತಕ್ಕೆ ಒಂದೊಂದೇ ಗುಂಪು ಹೊಡೆದು ಅದರಲ್ಲಿ ಚಿಕ್ಕದನ್ನು ಹೆಕ್ಕಿದರೆ ಸಿಗುವುದು ಬಹುಮಟ್ಟಿಗೆ ಅದೃಷ್ಟದ ಅಂಕಿಯೇ. ಅರ್ಧ ನ್ಯೂಟನ್-ಮೀಟರಿನ ಹೆಜ್ಜೆಯಲ್ಲಿ ಏರುತ್ತಾ, ಪ್ರತಿ ಹೆಜ್ಜೆಗೂ ಹತ್ತು ಗುಂಡಿನ ಹಲವು ಗುಂಪುಗಳನ್ನು ಒಂದೇ ತಯಾರಿಕೆಯ ತಂಡದ (ಲಾಟ್) ತೋಟಾಗಳಿಂದ ಹೊಡೆದು, ಅಕ್ಕಪಕ್ಕದ ಅಂಕಿಗಳಲ್ಲೂ ಫಲ ಚೆನ್ನಾಗಿಯೇ ಇರುವ ಒಂದು ಅಗಲವಾದ ವಲಯ ಕಂಡರೆ ಮಾತ್ರ ಅದನ್ನು ನಂಬಬಹುದು. ಆ ವಲಯದ ನಡುವಿನ ಅಂಕಿಯೇ ಆಯ್ಕೆಗೆ ಯೋಗ್ಯ.

ತೋಟಾ ತಯಾರಕರಾದ ಎಲೀ ಸಂಸ್ಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೂ ಲಾಪುವಾ ಸಂಸ್ಥೆ ಜರ್ಮನಿಯ ಷೋನೆಬೆಕ್‌ನಲ್ಲೂ ನಡೆಸುವ ಪರೀಕ್ಷಾ ಸುರಂಗಗಳಿಗೆ ಸ್ಪರ್ಧಿಗಳು ತಮ್ಮ ರೈಫಲ್ಲನ್ನು ಒಯ್ದು, ಅದಕ್ಕೆ ಒಗ್ಗುವ ತೋಟಾ ತಂಡವನ್ನು ಆರಿಸಿಕೊಳ್ಳುವುದುಂಟು. ಅಲ್ಲಿ ಹಲವು ವೇಳೆ ಸ್ಟಾಕನ್ನು ಕಳಚಿ, ನಳಿಗೆ ಸಹಿತವಾದ ಆ್ಯಕ್ಷನ್ನನ್ನು ಮಾತ್ರ ಭಾರವಾದ ಹಿಡಿಕಟ್ಟಿನಲ್ಲಿ ಬಿಗಿದು ಹೊಡೆಯುತ್ತಾರೆ. ಹಾಗೆ ಹೊಡೆದಾಗ ಸಿಗುವುದು ನಳಿಗೆ ಮತ್ತು ತೋಟಾಗಳ ಯೋಗ್ಯತೆ. ಅದೇ ತೋಟಾ ಸ್ಟಾಕಿಗೆ ಮರಳಿ ಕೂರಿಸಿದ ಮೇಲೆ ಗುಂಪನ್ನು ಹಿಗ್ಗಿಸಿದರೆ ತಪ್ಪನ್ನು ಹಾಸಿನಲ್ಲೋ ಸ್ಕ್ರೂಗಳಲ್ಲೋ ಹುಡುಕಬೇಕೆಂದು ತಿಳಿಯುತ್ತದೆ. ಬೆಂಚಿನ ಮೇಲಿಟ್ಟು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳಲ್ಲಿ ಕೆಲವರು ಈ ತಕರಾರೇ ಬೇಡವೆಂದು ಆ್ಯಕ್ಷನ್ನನ್ನು ಸ್ಟಾಕಿಗೆ ಶಾಶ್ವತವಾಗಿ ಅಂಟಿಸಿಬಿಡುತ್ತಾರೆ, ಅಲ್ಲಿ ಸ್ಕ್ರೂಗಳಿಗೆ ಹೆಚ್ಚಿನ ಕೆಲಸವೇ ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಈ ವಿಷಯ ಸ್ಪರ್ಧಾಳುಗಳಾಚೆಗೂ ತಲುಪುವ ಜಾಗವೆಂದರೆ ಕೊಡಗು. ಕೈಲ್ ಪೊಳ್ದ್ ಹಬ್ಬದ ಸುಮಾರಿಗೆ ಊರೂರುಗಳಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳು ನಡೆಯುವುದು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಅಂದರೆ ಮುಂಗಾರಿನ ತಿಂಗಳುಗಳಲ್ಲಿ ಕೋವಿಯ ಮರ ತೇವ ಕುಡಿದು ಉಬ್ಬಿರುವ ಹೊತ್ತಿನಲ್ಲಿ. ಬೇಸಿಗೆಯಲ್ಲಿ ಹೊಂದಿಸಿಟ್ಟ ಗುರಿ ಆಗ ಬೇರೆಡೆಗೆ ಸರಿದಿದ್ದರೆ ಗುರಿಕಡ್ಡಿಯನ್ನು ತಿರುಗಿಸುವ ಮೊದಲು ಸ್ಕ್ರೂಗಳನ್ನೂ, ನಳಿಗೆಗೂ ಮರಕ್ಕೂ ನಡುವಿನ ಸಂದಿಯನ್ನೂ ನೋಡುವುದು ಲೇಸು. ಲೀ-ಎನ್‌ಫೀಲ್ಡ್ ನಂಬರ್ 1ರ ಬಗೆಯ ಹಳೆಯ ರೈಫಲ್ಲುಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅವುಗಳ ಸ್ಟಾಕ್ ಎರಡು ತುಂಡುಗಳದ್ದು; ಭುಜದ ಕಡೆಯ ತುಂಡನ್ನು ಹಿಡಿದ ಉದ್ದ ಬೋಲ್ಟಿನ ಚೌಕ ತುದಿ ಮುಂದಿನ ಮರದಲ್ಲಿ ಕೂರಿಸಿದ ಲೋಹದ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರವನ್ನು ಮೊದಲು ಕಳಚದೆ ಆ ಬೋಲ್ಟನ್ನು ತಿರುಗಿಸಿದರೆ ಮರ ಹಿಂಬದಿಯಿಂದ ಸೀಳುತ್ತದೆ, ಒಮ್ಮೆ ಸೀಳಿದ ಮರದಲ್ಲಿ ಯಾವ ಟಾರ್ಕೂ ನಿಲ್ಲುವುದಿಲ್ಲ. ಹಾಸು ಕೆತ್ತುವ, ಕಂಬ ನೆಡುವ ಕೆಲಸವನ್ನು ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಿಗೇ ಬಿಡಬೇಕು. ಸ್ಕ್ರೂಗಳ ಬಿಗಿತವನ್ನು ನೋಡಿಕೊಳ್ಳುವುದು, ಅಂಕಿಯನ್ನು ಹವಾಮಾನದೊಂದಿಗೆ ಪುಸ್ತಕದಲ್ಲಿ ಬರೆದಿಡುವುದು, ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ನಂತರವೊಮ್ಮೆ ಡಯಲ್ ಗೇಜಿನ ಪರೀಕ್ಷೆ ನಡೆಸುವುದು ಮಾಲೀಕನ ಕೈಯಲ್ಲೇ ಆಗುವ ಕೆಲಸಗಳು.